ಕುದುರೆ ಹಿಂದಕ್ಕೆ ಬಂದಿದ್ದರೆ

ನಮ್ಮ ಮನೆಯಲ್ಲಿ ಒಂದು ಹಳೆಯ ನೋಟ್‌ಪುಸ್ತಕವಿದೆ. ಕೆಂಪು ರಟ್ಟು, ಬೆನ್ನಿಗೆ ಬಟ್ಟೆಯ ಪಟ್ಟಿ, ಒಳಗೆ ಅಣ್ಣನ ದುಂಡು ಅಕ್ಷರ. (ನಮ್ಮ ಕಡೆ ಕೆಲವು ಮನೆಗಳಲ್ಲಿ ತಂದೆಯನ್ನೇ ‘ಅಣ್ಣ’ ಎಂದು ಕರೆಯುವ ರೂಢಿ. ಓದುಗರು ನನಗೊಬ್ಬ ಹಿರಿಯ ಸೋದರನನ್ನು ಕಲ್ಪಿಸಿಕೊಳ್ಳಬಾರದು.) ಮುಂದಿನಿಂದ ತೆರೆದರೆ ಹಾಲಿನ ಲೆಕ್ಕ, ಕೊಬ್ಬರಿಯ ಧಾರಣೆ, ಯಾರುಯಾರಿಗೋ ಕೊಟ್ಟು ವಾಪಸು ಬಾರದ ಕೈಸಾಲ. ಪುಸ್ತಕವನ್ನು ತಲೆಕೆಳಗು ಮಾಡಿ ಹಿಂದಿನಿಂದ ತೆರೆದರೆ ಚದುರಂಗದ ಆಟಗಳು. ಅಣ್ಣ ತಿಪಟೂರಿನಲ್ಲಿ ಮಿಡ್ಲ್‌ಸ್ಕೂಲ್ ಮೇಷ್ಟರಾಗಿದ್ದರು. ಅವರಿಗೆ ಇದ್ದ ಚಟಗಳು ಎರಡೇ: ನಶ್ಯ ಮತ್ತು ಚದುರಂಗ. ನಶ್ಯವನ್ನು ಅಮ್ಮ ಬಿಡಿಸಿದಳು. ಚದುರಂಗದ ಮೇಲೂ ಅವಳಿಗೆ ಕಣ್ಣಿತ್ತು. ಅದರಿಂದ ಪಂಚೆಗೆ ಕಲೆಯಾಗುವುದಿಲ್ಲವೆಂದು ಸುಮ್ಮನಾದಳೆಂದು ಕಾಣುತ್ತದೆ.

ಈ ಆಟಗಳಲ್ಲಿ ಒಂದಕ್ಕೆ ಮಾತ್ರ ಕೆಂಪು ಶಾಯಿಯ ಅಡಿಗೆರೆ. 1991ರ ಗಣೇಶನ ಹಬ್ಬದ ಸ್ಪರ್ಧೆಯ ಕೊನೆಯ ಆಟ ಅದು. ಎದುರಾಳಿ ನಮ್ಮ ಬೀದಿಯ ವಕೀಲರು. ನನಗಾಗ ಹತ್ತು ವರ್ಷ. ಛತ್ರದ ಹಜಾರದಲ್ಲಿ ಕಂಬಕ್ಕೆ ಒರಗಿ, ಮುತ್ತುಗದ ದೊನ್ನೆಯಲ್ಲಿ ಕಡಲೆ ಉಸಲಿ ಹಿಡಿದು ನೋಡುತ್ತ ನಿಂತಿದ್ದೆ. ಅಣ್ಣ ಬಿಳಿ. ಹನ್ನೆರಡನೆಯ ನಡೆಗೆ ಅವರು ತಮ್ಮ ಒಂಟೆಯನ್ನು ಎತ್ತಿ, ಕರಿಯ ರಾಜನ ಬಾಗಿಲಲ್ಲೇ ಕಾವಲಿದ್ದ ಕಾಲಾಳನ್ನು ಹೊಡೆದರು. ಆ ಒಂಟೆಯನ್ನು ರಾಜ ಹೊಡೆದುಹಾಕುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಹೊಡೆದ. ಬಿಳಿಯ ಕುದುರೆ ನೆಗೆದು ಶಹ ಕೊಟ್ಟಿತು. ರಾಜ ಮನೆಗೆ ಹಿಂತಿರುಗಿದ. ಬಿಳಿಯ ಮಂತ್ರಿ ಮಣೆಯ ಅಂಚಿಗೆ ಬಂದು ನಿಂತ; ಮುಂದಿನ ನಡೆಗೇ ಮೇಟ್ ಎಂಬ ಬೆದರಿಕೆ. ವಕೀಲರು ಇಪ್ಪತ್ತು ನಿಮಿಷ ಯೋಚಿಸಿ, ಆನೆಯನ್ನು ಪಕ್ಕಕ್ಕೆ ಸರಿಸಿ, ರಾಜ ಓಡಿಹೋಗಲು ದಾರಿ ಮಾಡಿದರು. ಆ ದಾರಿಯಲ್ಲೇ ರಾಜ ಓಡಿದ, ಬಯಲಿನಲ್ಲಿ ಸಿಕ್ಕಿಬಿದ್ದ. ಹನ್ನೊಂದು ನಡೆಗಳಲ್ಲಿ ಆಟ ಮುಗಿಯಿತು. ಬಹುಮಾನವಾಗಿ ಬಂದ ಸ್ಟೀಲಿನ ಚೊಂಬು ಇಂದಿಗೂ ನಮ್ಮ ಬಚ್ಚಲಲ್ಲಿದೆ.

ಒಂಟೆಯ ಈ ಬಲಿ ಅಣ್ಣ ಕಂಡುಹಿಡಿದದ್ದೇನೂ ಅಲ್ಲ. ಇಟಲಿಯ ಗ್ರೆಕೊ ಎಂಬಾತ 17ನೆಯ ಶತಮಾನದಲ್ಲೇ ಇದನ್ನು ಬರೆದಿಟ್ಟಿದ್ದಾನೆ. ಆದರೆ ಹತ್ತು ವರ್ಷದ ಹುಡುಗನಿಗೆ ಗ್ರೆಕೊ ಏನು ಗೊತ್ತು? ಸಂತೆಗೆ ಹೋದರೆ ನಾಲ್ಕಾಣೆಗೆ ಹತ್ತು ಸಲ ಚೌಕಾಸಿ ಮಾಡುವ ನನ್ನ ತಂದೆ, ಅಷ್ಟು ಜನರ ಎದುರಿಗೆ ಒಂದು ಇಡೀ ಒಂಟೆಯನ್ನು ಕೊಟ್ಟುಬಿಟ್ಟರಲ್ಲ ಎಂಬುದೇ ನನ್ನ ಬೆರಗು. ಆ ಆಟವನ್ನು ನಾನು ಅಂದಿನಿಂದ ಹೇಳಿಕೊಂಡೇ ಬಂದಿದ್ದೇನೆ. ಮದುವೆಯಾದ ಹೊಸದರಲ್ಲಿ ಹೆಂಡತಿಗೆ ಹೇಳಿದೆ. ತರಗತಿಯಲ್ಲಿ, ಪಾಠಕ್ಕೆ ಏನೇನೂ ಸಂಬಂಧವಿಲ್ಲದಿದ್ದರೂ, ಎರಡು ಮೂರು ಸಲ ಹೇಳಿದ್ದೇನೆ.

2025ರ ದಸರೆಯ ರಜೆಯಲ್ಲಿ ನನ್ನ ಮಗಳು ಆ ಪುಸ್ತಕವನ್ನು ಅಟ್ಟದಿಂದ ಇಳಿಸಿದಳು. ಅವಳೂ ಚದುರಂಗ ಆಡುತ್ತಾಳೆ. ಆದರೆ ಮಣೆ, ಕಾಯಿ ಯಾವುದೂ ಬೇಡ, ಎಲ್ಲ ಫೋನಿನಲ್ಲೇ. ತಾತನ ಬರವಣಿಗೆಯನ್ನು ಬಿಡಿಸಿಕೊಂಡು ಆ ಕೆಂಪುಗೆರೆಯ ಆಟವನ್ನು ನಡೆನಡೆಯಾಗಿ ಅದರಲ್ಲಿ ತುಂಬಿದಳು. ಹನ್ನೆರಡನೆಯ ನಡೆಗೆ ಬಂದಾಗ ಒಂಟೆಯ ತಲೆಯ ಮೇಲೆ ಎರಡು ಕೆಂಪು ಪ್ರಶ್ನಾರ್ಥಕ ಚಿಹ್ನೆಗಳು ಮೂಡಿದವು.

“ಅಪ್ಪಾ, ತಾತ ಇಲ್ಲಿ ಬ್ಲಂಡರ್ ಮಾಡಿದಾರೆ.”

“ಸರಿಯಾಗಿ ನೋಡೇ. ಗೆದ್ದಿದ್ದೇ ತಾತ.”

“ಗೆದ್ದಿದ್ದು ಅವರು ತಪ್ಪು ಆಡಿದ್ದಕ್ಕೆ. ಇಲ್ಲಿ ಕುದುರೆ ಹಿಂದಕ್ಕೆ ಬಂದಿದ್ರೆ ತಾತ ಸೋಲ್ತಿದ್ರು.”

ನೋಡಿದೆ. ಮಣೆಯ ನಟ್ಟನಡುವೆ ಬಂದು ಮೆರೆಯುತ್ತಿದ್ದ ಕರಿಯ ಕುದುರೆ ಒಂದೇ ಒಂದು ನೆಗೆತ ಹಿಂದಕ್ಕೆ ಬಂದಿದ್ದರೆ ಸಾಕಿತ್ತು: ಮೇಟ್ ಆಗಬೇಕಾದ ಮನೆಯನ್ನೂ ಕಾಯುತ್ತಿತ್ತು, ಬಿಳಿಯ ಮಂತ್ರಿಯ ಮೇಲೂ ಬೀಳುತ್ತಿತ್ತು. ಮಂತ್ರಿ ಸರಿಯಬೇಕು, ದಾಳಿ ಅಲ್ಲಿಗೆ ತಣ್ಣಗೆ. ಕೊಟ್ಟ ಒಂಟೆ ಕೊಟ್ಟಂತೆಯೇ ಹೋಯಿತು. ಪರದೆಯ ಪಕ್ಕದಲ್ಲಿ ‘ಮೈನಸ್ ಎರಡು’ ಚಿಲ್ಲರೆ ಎಂದು ತೀರ್ಪು ಬಿದ್ದಿತ್ತು. ಎರಡು ಕಾಲಾಳುಗಳಷ್ಟು ಹಿಂದೆ ಎಂದು ಅದರ ಅರ್ಥ. ತೀರ್ಪು ಕೊಟ್ಟ ಪ್ರೋಗ್ರಾಮಿನ ಹೆಸರು ಸ್ಟಾಕ್‌ಫಿಶ್. ಹಾಗೆಂದರೆ ಒಣಮೀನು. ಈರುಳ್ಳಿಯನ್ನೂ ಮುಟ್ಟದ ನನ್ನ ತಂದೆಯ ಆಟವನ್ನು ಕೊನೆಗೆ ಒಣಮೀನು ತೂಗಿತು!

ಚದುರಂಗದವರಲ್ಲಿ ಇಂಥ ಬಲಿಯನ್ನು ಕುರಿತು ಒಂದೇ ಪ್ರಶ್ನೆ: ಅದು ಸರಿಯಾದದ್ದೇ, ಅಲ್ಲವೇ? ನಮ್ಮ ವ್ಯಾಕರಣದಲ್ಲಿ ಇದಕ್ಕೆ ಒಪ್ಪುವ ಮಾತೊಂದಿದೆ: ಸಾಧು, ಅಸಾಧು. ಎದುರಾಳಿ ಏನು ಆಡಿದರೂ ಕೊಟ್ಟದ್ದಕ್ಕೆ ತಕ್ಕುದು ದೊರೆಯುವುದಾದರೆ ಅದು ಸಾಧುವಾದ ಬಲಿ. ಅವನು ತಪ್ಪಿದರೆ ಮಾತ್ರ ದೊರೆಯುವುದಾದರೆ ಅಸಾಧು. ಕೇಶಿರಾಜನಂಥ ವೈಯಾಕರಣನಾದರೆ ಸೂತ್ರದ ಪಕ್ಕದಲ್ಲಿ ಕವಿಪ್ರಯೋಗವನ್ನೂ ಇಟ್ಟು ನೋಡುತ್ತಾನೆ. ಪ್ರೋಗ್ರಾಮಿಗೆ ಆ ದಾಕ್ಷಿಣ್ಯವಿಲ್ಲ. ನನಗೆ ಕೆರಳಿದ್ದು ಅಲ್ಲಿ. ಈ ಯಂತ್ರಕ್ಕೆ ಬಲಿಯ ಸಾಧುತ್ವವನ್ನು ನಿರ್ಣಯಿಸುವ ಅಧಿಕಾರ ಎಲ್ಲಿಂದ ಬಂತು ಎಂದು ನೋಡಿಯೇ ಬಿಡೋಣವೆಂದು ಕುಳಿತೆ. ಕನ್ನಡ ಮೇಷ್ಟರು ಚದುರಂಗದ ಯಂತ್ರಗಳ ಚರಿತ್ರೆ ಓದುವುದನ್ನು ನೋಡಿ ಮನೆಯಲ್ಲಿ ನಗೆಯಾಯಿತು. ಆಗಲಿ.

ಮೊದಮೊದಲು ಯಂತ್ರಗಳಿಗೆ ಈ ಅಧಿಕಾರ ಇರಲೇ ಇಲ್ಲವೆಂದು ತಿಳಿದು ಸಮಾಧಾನವಾಯಿತು. ಅಮೆರಿಕದ ಕ್ಲಾಡ್ ಶಾನನ್ 1950ರಲ್ಲಿ ಯಂತ್ರಕ್ಕೆ ಚದುರಂಗ ಕಲಿಸುವ ಬಗೆಯನ್ನು ಕುರಿತು ಒಂದು ಲೇಖನ ಪ್ರಕಟಿಸಿದ. ಕಾಯಿಗಳಿಗೆ ಬೆಲೆ ಕಟ್ಟುವುದು ಅದರ ಬುನಾದಿ: ಮಂತ್ರಿಗೆ 9, ಆನೆಗೆ 5, ಒಂಟೆಗೆ ಕುದುರೆಗೆ ತಲಾ 3, ಕಾಲಾಳಿಗೆ 1. ಇದರ ಜೊತೆಗೆ ಕಾಲಾಳುಗಳ ಜೋಡಣೆ, ಕಾಯಿಗಳ ಓಡಾಟ ಮುಂತಾದ ಸಣ್ಣಪುಟ್ಟ ಲೆಕ್ಕಗಳು. ಯಂತ್ರ ಇಷ್ಟು ನಡೆ ಮುಂದಕ್ಕೆ ಹೋಗಿ, ಅಲ್ಲಿ ನಿಂತು, ಕೂಡಿ ಕಳೆದು ನೋಡುತ್ತದೆ. ಕಷ್ಟವೆಲ್ಲ ಆ ‘ನಿಂತು’ ಎಂಬಲ್ಲಿ. ಆರು ನಡೆ ನೋಡುವ ಯಂತ್ರಕ್ಕೆ, ಏಳನೆಯ ನಡೆಗೆ ಲಾಭ ಬರುವ ಬಲಿ ಶುದ್ಧ ದುಂದುಗಾರಿಕೆಯಾಗಿ ಕಾಣುತ್ತದೆ. ಆರನೆಯ ನಡೆಯ ಆಚೆಗೆ ಲೋಕವೇ ಇಲ್ಲ. ತಿಂಗಳ ಕೊನೆಯ ದಿನ ಮಾತ್ರ ಜಮಾಖರ್ಚು ಬರೆಯುವವನಿಗೆ ಬಿತ್ತನೆಯ ಬೀಜವೂ ನಷ್ಟದ ಬಾಬೇ.

ಆದರೂ 1997ರಲ್ಲಿ ಡೀಪ್ ಬ್ಲೂ ಎಂಬ ಯಂತ್ರ ಕಾಸ್ಪರೋವನಂಥ ವಿಶ್ವಚಾಂಪಿಯನ್ನನನ್ನು ಸೋಲಿಸಿತು. ಅದೂ ಕೊನೆಯ ಆಟದಲ್ಲಿ, ಎಂಟನೆಯ ನಡೆಗೆ ಕುದುರೆಯನ್ನು ಬಲಿಕೊಟ್ಟು. ಸೆಕೆಂಡಿಗೆ ಇಪ್ಪತ್ತು ಕೋಟಿ ಸ್ಥಿತಿಗಳನ್ನು ಪರಿಶೀಲಿಸುವ ಯಂತ್ರ ಅದು. ಹತ್ತೊಂಬತ್ತನೆಯ ನಡೆಗೆ ಕಾಸ್ಪರೋವ್ ಎದ್ದುಹೋದ. ಯಂತ್ರ ಬಲಿಯ ಮರ್ಮವನ್ನು ಅರಿಯಿತೆಂದು ಅಂದು ಲೋಕಕ್ಕೆ ಅನ್ನಿಸಿದರೆ ಆಶ್ಚರ್ಯವಿಲ್ಲ. ನಿಜಸಂಗತಿ ಬೇರೆ. ಆ ಕುದುರೆಯ ನಡೆ ಯಂತ್ರದ ಲೆಕ್ಕದಿಂದ ಹುಟ್ಟಿದ್ದಲ್ಲ. ಆರಂಭದ ನಡೆಗಳ ಪುಸ್ತಕವೆಂದು ಮನುಷ್ಯರು ಮೊದಲೇ ಅದರ ಹೊಟ್ಟೆಗೆ ತುಂಬಿದ್ದರಲ್ಲ, ಅದರಿಂದ ಬಂದದ್ದು. ನಮ್ಮ ವಿದ್ಯಾರ್ಥಿಗಳು ಗೈಡಿನಿಂದ ಬಾಯಿಪಾಠ ಮಾಡಿ ಬರೆದ ಉತ್ತರಕ್ಕೆ ನಾವು ಪೂರ್ತಿ ಅಂಕ ಕೊಡುತ್ತೇವಷ್ಟೆ, ಇದೂ ಹಾಗೆಯೇ.

ಅದರ ಮರುವರ್ಷ, ಸ್ಪೇನಿನ ಲಿನಾರೆಸ್‌ನಲ್ಲಿ, ಟೊಪಲೊವ್‌ನ ಮೇಲೆ ಷಿರೊವ್ ಆಡಿದ ಒಂದು ನಡೆ ಇದೆ. ಮಣೆಯ ಮೇಲೆ ಇಬ್ಬರಿಗೂ ಉಳಿದದ್ದು ರಾಜ, ಒಂದೊಂದು ಒಂಟೆ, ಕೆಲವು ಕಾಲಾಳು. ಷಿರೊವ್ ತನ್ನ ಒಂದೇ ಒಂದು ಒಂಟೆಯನ್ನು ಸೀದಾ ಕೊಂಡೊಯ್ದು ಎದುರಾಳಿಯ ಕಾಲಾಳಿನ ಬಾಯಿಗೆ ಇಟ್ಟ. ಯಾತಕ್ಕೆ? ತನ್ನ ರಾಜ ಮಣೆಯ ನಡುವಿಗೆ ಒಂದು ಹೆಜ್ಜೆ ಮುಂಚಿತವಾಗಿ ತಲುಪಲಿ ಎಂದು. ಒಂದು ಹೆಜ್ಜೆಗೆ ಒಂದು ಒಂಟೆ! ಆ ಕಾಲದ ಪ್ರೋಗ್ರಾಮುಗಳಿಗೆ ಈ ನಡೆ ಹೊಳೆಯಲಿಲ್ಲ. ಬಹಳ ವರ್ಷ ಅವುಗಳ ಬುದ್ಧಿ ಪರೀಕ್ಷಿಸುವುದಕ್ಕೆ ಇದನ್ನೇ ಪ್ರಶ್ನೆಯಾಗಿ ಕೊಡುತ್ತಿದ್ದರು. ಇದನ್ನು ಓದಿದ ರಾತ್ರಿ ನಾನು ಮಗಳನ್ನು ಕೂಗಿ, ಗೆದ್ದವನ ಗತ್ತಿನಲ್ಲಿ, “ನಿನ್ನ ಒಣಮೀನಿಗೆ ಇದು ಗೊತ್ತೇನು ಕೇಳು” ಎಂದೆ. ಅವಳು ಸ್ಥಿತಿಯನ್ನು ಜೋಡಿಸಿ ಸ್ವಲ್ಪ ಹೊತ್ತು ಬಿಟ್ಟಳು. ಅದೇ ಒಂಟೆ, ಅದೇ ಮನೆ. ನಾನು ಎದ್ದುಹೋಗಿ ನೀರು ಕುಡಿದು ಬಂದೆ.

ಹಾಗಾದರೆ ಇಂದಿನ ಪ್ರೋಗ್ರಾಮು ಬಲಿಯನ್ನು ಬಲ್ಲುದು ಎಂದೇ ಒಪ್ಪಬೇಕು. ಆದರೆ ಅದು ಕೊಡುವುದು ಬಲಿಯೇ? ವಿಯೆನ್ನಾದ ರುಡಾಲ್ಫ್ ಸ್ಪೀಲ್‌ಮನ್, ಬಲಿ ಕೊಡುವುದರಲ್ಲಿ ನಿಸ್ಸೀಮನಾಗಿದ್ದವನು, 1935ರಲ್ಲಿ ಈ ವಿಷಯದ ಮೇಲೆ ಒಂದು ಪುಸ್ತಕವನ್ನೇ ಬರೆದ. ಅವನು ಬಲಿಯನ್ನು ಎರಡು ಬಗೆಯಾಗಿ ವಿಂಗಡಿಸುತ್ತಾನೆ: ಹುಸಿಬಲಿ, ನಿಜಬಲಿ. ಕೊಟ್ಟದ್ದು ಇಂತಿಷ್ಟು ನಡೆಗಳಲ್ಲಿ ಬಡ್ಡಿ ಸಹಿತ ಹಿಂದಕ್ಕೆ ಬರುವುದು ಕೊಡುವ ಮೊದಲೇ ಕಾಣುತ್ತಿದ್ದರೆ ಅದು ಹುಸಿ. ಅದು ಕಾಣದೆ, ಕಾಣಲಾರದು ಎಂದು ಗೊತ್ತಿದ್ದೂ ಕೊಟ್ಟರೆ ನಿಜ. ಇದನ್ನು ಓದಿದಾಗ ನನಗೆ ಜನ್ನನ ಹಿಟ್ಟಿನ ಹುಂಜ ನೆನಪಾಯಿತು. ಯಶೋಧರ ಕೊಂದದ್ದು ಕೋಳಿಯನ್ನಲ್ಲ, ಹಿಟ್ಟಿನ ಬೊಂಬೆಯನ್ನು. ಆದರೂ ಕತ್ತಿ ಬಿದ್ದಾಗ ಅದು ಕೂಗಿತು, ಮುಂದೆ ಜನ್ಮಜನ್ಮಾಂತರ ಅಲೆಸಿತು. ಸ್ಪೀಲ್‌ಮನ್ನನ ಲೆಕ್ಕದಲ್ಲಿ ಪ್ರೋಗ್ರಾಮಿನ ಬಲಿಗಳೆಲ್ಲ ಹಿಟ್ಟಿನ ಹುಂಜಗಳು. ಆದರೆ ಕೂಗುವುದಿಲ್ಲ. ಫಲ ಕಂಡರೆ ಕೊಡುತ್ತದೆ, ಕಾಣದಿದ್ದರೆ ಇಲ್ಲ. ಅದಕ್ಕೆ ಎದೆ ಹೊಡೆದುಕೊಳ್ಳುವ ಪ್ರಮೇಯವೇ ಇಲ್ಲ.

ಇಷ್ಟು ಬರೆದು, ಭೇಷಾಯಿತೆಂದು ನಮ್ಮ ಕಾಲೇಜಿನ ಗಣಕವಿಜ್ಞಾನದ ಮಿತ್ರರಿಗೆ ಓದಿ ಹೇಳಿದೆ. ಅವರು ನನ್ನ ಹುಂಜವನ್ನು ನಿಂತ ಕಾಲ ಮೇಲೆ ಹಿಡಿದರು. 2017ರ ಡಿಸೆಂಬರಿನಲ್ಲಿ ಆಲ್ಫಾಜೀರೊ ಎಂಬ ಪ್ರೋಗ್ರಾಮಿನ ಸುದ್ದಿ ಬಂತಂತೆ. ಅದಕ್ಕೆ ಯಾರೂ ಕಾಯಿಗಳ ಬೆಲೆ ಹೇಳಿಕೊಡಲಿಲ್ಲ. ಆಟದ ನಿಯಮ ಮಾತ್ರ ಕೊಟ್ಟು, ತನ್ನೊಡನೆ ತಾನೇ ಆಡಿಕೊಂಡು ಕಲಿಯುವುದಕ್ಕೆ ಬಿಟ್ಟರು. ಕಲಿತಾದ ಮೇಲೆ ಅಂದಿನ ಸ್ಟಾಕ್‌ಫಿಶ್‌ನ ಮೇಲೆ ನೂರು ಆಟ ಆಡಿ 28 ಗೆದ್ದು 72 ಸಮ ಮಾಡಿತು, ಒಂದನ್ನೂ ಸೋಲಲಿಲ್ಲ. ಆ ಆಟಗಳಲ್ಲಿ ಅದು ಕಾಲಾಳನ್ನೋ ಕಾಯಿಯನ್ನೋ ಕೊಟ್ಟುಬಿಟ್ಟು, ಹಿಂದಕ್ಕೆ ಪಡೆಯುವ ಆತುರವೇ ಇಲ್ಲದೆ, ಎದುರಾಳಿಯ ಉಸಿರು ಕಟ್ಟಿಸುತ್ತ ಹೋಗುವುದನ್ನು ಕಂಡು ಪಂಡಿತರು ದಂಗಾದರು. 2020ರಲ್ಲಿ ಸ್ಟಾಕ್‌ಫಿಶ್ ಕೂಡ ಇಂಥದೇ ಕಲಿತ ಅಂದಾಜನ್ನು ತನ್ನೊಳಗೆ ಸೇರಿಸಿಕೊಂಡಿತು. “ಕೊನೆಯವರೆಗೂ ಲೆಕ್ಕ ಹಾಕಿ ಕೊಡುವುದಲ್ಲ ಸಾರ್ ಅದು, ಅಂದಾಜಿನ ಮೇಲೆ ಕೊಡುವುದು. ನಿಮ್ಮ ನಿಜಬಲಿ ಅದೇ ಅಲ್ಲವೆ?” ಎಂದರು ಮಿತ್ರರು.

“ಕೊಡುವ ಮುಂಚೆ ಎದುರಿಗೆ ಕೂತವನು ಯಾರೆಂದು ನೋಡುತ್ತದೆಯೇ?”

“ಸಾಮಾನ್ಯವಾಗಿ ಇಲ್ಲ. ಎದುರಿಗಿರುವವನೂ ತನ್ನಷ್ಟೇ ಬಲ್ಲವನೆಂದು ಇಟ್ಟುಕೊಂಡು ಆಡುತ್ತದೆ. ಅವನು ಇದ್ದ ನಡೆಗಳಲ್ಲಿ ಅತ್ಯುತ್ತಮವಾದುದನ್ನೇ ಆಡುತ್ತಾನೆ ಎಂಬುದೇ ಲೆಕ್ಕದ ಮೂಲ.”

ಎಷ್ಟು ದೊಡ್ಡ ಮರ್ಯಾದೆ! ನಮ್ಮ ವಕೀಲರನ್ನು ಅಷ್ಟು ಗೌರವದಿಂದ ಯಾರೂ ಕಂಡಿರಲಾರರು.

ಮನುಷ್ಯರ ಬಲಿ ಹಾಗಲ್ಲ, ಅದಕ್ಕೊಂದು ವಿಳಾಸವಿರುತ್ತದೆ. 1960ರಲ್ಲಿ ಮಾಸ್ಕೋದಲ್ಲಿ ಇಪ್ಪತ್ತಮೂರು ವರ್ಷದ ಮಿಖಾಯಿಲ್ ತಾಲ್ ವಿಶ್ವಚಾಂಪಿಯನ್ ಬೊಟ್ವಿನ್ನಿಕ್‌ನ ಎದುರು ಆರನೆಯ ಆಟದಲ್ಲಿ ಒಂದು ಕುದುರೆಯನ್ನು ಬಿಟ್ಟ. ಸಭಾಂಗಣದಲ್ಲಿ ಎದ್ದ ಗದ್ದಲಕ್ಕೆ ಆಟವನ್ನು ಹಿಂದಿನ ಕೋಣೆಗೆ ಸಾಗಿಸಬೇಕಾಯಿತು. ಆ ಬಲಿಗೆ ಉತ್ತರ ಇತ್ತೆಂದು ಆಮೇಲೆ ಶಾಂತವಾಗಿ ಕುಳಿತವರು ತೋರಿಸಿದರು. ಗಡಿಯಾರ ಓಡುತ್ತಿದ್ದಾಗ ಬೊಟ್ವಿನ್ನಿಕ್‌ಗೆ ಅದು ಸಿಕ್ಕಲಿಲ್ಲ. ಆಟವೂ ಹೋಯಿತು, ಪಟ್ಟವೂ ಹೋಯಿತು. ಮರುವರ್ಷ ಪಟ್ಟವನ್ನು ಮರಳಿ ಪಡೆದ, ಅದು ಬೇರೆ ಕಥೆ. ವಿದ್ಯುತ್ ಎಂಜಿನಿಯರನಾಗಿದ್ದ ಆತ ಮುಂದೆ ಎಷ್ಟೋ ವರ್ಷಗಳನ್ನು ಕಳೆದದ್ದು ಚದುರಂಗ ಆಡುವ ಒಂದು ಪ್ರೋಗ್ರಾಮನ್ನು ರಚಿಸುವ ಯತ್ನದಲ್ಲಿ! ಆ ಕುದುರೆ ಆತನಿಗೆ ಎಷ್ಟು ದಿನ ಕನಸಿನಲ್ಲಿ ಬರುತ್ತಿತ್ತೋ ಎಂದು ನಾನು ಊಹಿಸುತ್ತೇನೆ.

ಇದೇ ತಾಲ್ ತನ್ನ ಆತ್ಮಕಥೆಯಲ್ಲಿ ಹೇಳಿಕೊಂಡ ಇನ್ನೊಂದು ಪ್ರಸಂಗವನ್ನು ಬಿಟ್ಟರೆ ನನಗೆ ಪಾಪ ಬರುತ್ತದೆ. ಕೀವ್‌ನಲ್ಲಿ 1964-65ರ ಸೋವಿಯತ್ ಚಾಂಪಿಯನ್‌ಷಿಪ್ಪಿನಲ್ಲಿ ವಾಸ್ಯುಕೋವ್‌ನೊಡನೆ ಆಟ. ಕುದುರೆಯನ್ನು ಬಲಿಕೊಡಬೇಕೇ ಬೇಡವೇ ಎಂದು ಯೋಚಿಸುತ್ತ ಕುಳಿತ. ಕವಲಿಗೆ ಕವಲು ಒಡೆದು ತಲೆ ಗೊಜ್ಜಾಯಿತು. ಆಗ ಎಲ್ಲಿಂದಲೋ, ಜೌಗಿನಲ್ಲಿ ಸಿಕ್ಕಿಬಿದ್ದ ನೀರಾನೆಯನ್ನು ಮೇಲಕ್ಕೆಳೆಯುವ ಪಾಡನ್ನು ಕುರಿತ ಮಕ್ಕಳ ಪದ್ಯವೊಂದು ನೆನಪಿಗೆ ಬಂತು. ಅಲ್ಲಿಗೆ ಚದುರಂಗ ಮರೆತೇಹೋಯಿತು. ನೀರಾನೆಯನ್ನು ಎಳೆಯುವುದು ಹೇಗೆ? ಹಗ್ಗದ ಏಣಿಯೇ, ಹೆಲಿಕಾಪ್ಟರೇ? ಯಾವುದೂ ಬಗೆಹರಿಯಲಿಲ್ಲ. ಹಾಳಾಗಲಿ, ಮುಳುಗಲಿ ಎಂದು ನೀರಾನೆಯನ್ನು ಬಿಟ್ಟು ಮಣೆಯನ್ನು ನೋಡಿದರೆ, ಯೋಚಿಸುವುದಕ್ಕೆ ಏನೂ ಇಲ್ಲವೆನ್ನಿಸಿ ಕುದುರೆಯನ್ನು ಕೊಟ್ಟೇಬಿಟ್ಟ. ಗೆದ್ದ. ನಲವತ್ತು ನಿಮಿಷ ಆಳವಾಗಿ ಲೆಕ್ಕ ಹಾಕಿ ಮಾಡಿದ ಕರಾರುವಾಕ್ಕಾದ ಬಲಿ ಎಂದು ಮರುದಿನದ ಪತ್ರಿಕೆಯಲ್ಲಿ ಬಂತಂತೆ.

ಇಷ್ಟೆಲ್ಲ ಓದಿದ್ದು ಬರಿಯ ವಿದ್ಯಾವ್ಯಸನದಿಂದಲ್ಲ. ಆ ಎರಡು ಕೆಂಪು ಚಿಹ್ನೆಗಳು ಒಂಟೆಯ ತಲೆಯ ಮೇಲೆ ಮಾತ್ರ ಮೂಡಿದ್ದರೆ ನನ್ನ ನಿದ್ದೆ ಕೆಡುತ್ತಿರಲಿಲ್ಲ. 2003ರಲ್ಲಿ ನನ್ನನ್ನು ಎಂ.ಎ.ಗೆ ಮೈಸೂರಿಗೆ ಕಳಿಸಲು ಅಣ್ಣ ಇಪ್ಪತ್ತು ಗುಂಟೆ ತೆಂಗಿನ ತೋಟವನ್ನು ಮಾರಿದರು. ನಮ್ಮ ಚಿಕ್ಕಪ್ಪ ಅಂದೇ ಜಗಲಿಯಲ್ಲಿ ಕುಳಿತು ಮೈನಸ್ ಎರಡು ಎಂದು ತೀರ್ಪು ಕೊಟ್ಟರು. ಅವರ ಮಾತಿನ ಧಾಟಿ ಬೇರೆ: “ತೋಟ ಕಾಯಿ ಕೊಡುತ್ತೆ. ಕನ್ನಡ ಎಂ.ಎ. ಏನು ಕೊಡುತ್ತಪ್ಪಾ?” ಅವರ ಲೆಕ್ಕದಲ್ಲಿ ತಪ್ಪಿರಲಿಲ್ಲ. ಓದು ಮುಗಿಸಿ ಏಳು ವರ್ಷ ನಾನು ಅತಿಥಿ ಉಪನ್ಯಾಸಕನಾಗಿ ಊರೂರು ತಿರುಗಿದೆ. ವರ್ಷದಲ್ಲಿ ಎಷ್ಟೋ ತಿಂಗಳು ಸಂಬಳವೇ ಇಲ್ಲ. ಕಾಯಂ ಆದದ್ದು 2012ರಲ್ಲಿ. ಅಣ್ಣ ತೀರಿಕೊಂಡದ್ದು 2014ರಲ್ಲಿ. ತೋಟವಿದ್ದ ಜಾಗದಲ್ಲಿ ಈಗ ಸೈಟುಗಳಾಗಿವೆ. ಅವುಗಳ ಬೆಲೆಯನ್ನು ಚಿಕ್ಕಪ್ಪ ಇಂದಿಗೂ ನನಗೆ ತಪ್ಪದೆ ತಿಳಿಸುತ್ತಾರೆ. ಅಣ್ಣ ಅಂದು ಏನನ್ನು ನೋಡಿ ಕೊಟ್ಟರು? ಕುದುರೆ ಹಿಂದಕ್ಕೆ ಬರಬಹುದೆಂಬುದು ಅವರಿಗೆ ಕಂಡೇ ಇರಲಿಲ್ಲವೋ? ತೋಟದ ಮಾತನ್ನು ಇನ್ನು ಕೇಳುವುದಕ್ಕೆ ಯಾರೂ ಇಲ್ಲ. ಕುದುರೆಯ ಮಾತನ್ನು ಕೇಳಲು ಒಬ್ಬರಿದ್ದರು.

ದೀಪಾವಳಿಗೆ ಊರಿಗೆ ಹೋದಾಗ ನೋಟ್‌ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು ವಕೀಲರ ಮನೆಗೆ ಹೋದೆ. ಅವರಿಗೆ ಎಂಬತ್ತೆರಡು. ಕಿವಿ ಮಂದ, ಕೈ ನಡುಗುತ್ತದೆ, ಗಂಟಲು ಮಾತ್ರ ಹಿಂದಿನದೇ. ಸೊಸೆ ಕಾಫಿ ತಂದಿಟ್ಟಳು. ನಾನು ಎರಡು ಸಲ ಕೂಗಿ ವಿಷಯ ತಿಳಿಸಿದೆ.

“ಕುದುರೆ ಹಿಂದಕ್ಕೆ ತಂದಿದ್ರೆ ಅನ್ನುತ್ತೇನು ನಿನ್ನ ಮಗಳ ಯಂತ್ರ? ಅದನ್ನ ಹೇಳೋಕೆ ಯಂತ್ರ ಬೇಕೇನಯ್ಯ? ಅವತ್ತು ರಾತ್ರಿ ಮನೆಗೆ ಹೋಗ್ತಾ ನಿಮ್ಮಪ್ಪನೇ ಹೇಳಿದ.”

“ಆಟ ಆದಮೇಲೆ ಹೊಳೀತಂತೇನು?”

“ಆದಮೇಲಲ್ಲ ಕಣೋ. ಒಂಟೆ ಎತ್ತೋಕೆ ಮುಂಚೇನೇ ಗೊತ್ತಿತ್ತಂತೆ. ಗೊತ್ತಿದ್ದೂ ಯಾಕೋ ಆಡಿದೆ ಅಂದೆ. ‘ಕೋರ್ಟಲ್ಲಿ ಆಡಿದ ಮಾತನ್ನೇ ಹಿಂದಕ್ಕೆ ತಗೊಳ್ಳದೋನು ನೀನು, ಕುದುರೆ ತಗೋತೀಯಾ’ ಅಂದ. ಎರಡು ದಿನ ಅವನ್ನ ಮಾತಾಡಿಸಲಿಲ್ಲ ನಾನು.”

ಒಳಗಿನಿಂದ ಮಣೆ ತರಿಸಿದರು. ಒಂದು ಆನೆ ಇರಲಿಲ್ಲ. ಅದರ ಮನೆಯಲ್ಲಿ ಇಂಕ್ ಬಾಟಲಿನ ಮುಚ್ಚಳ ಇಟ್ಟೆವು. ಪುಸ್ತಕ ನೋಡಿಕೊಂಡು ನಾನು ಆ ಹೊತ್ತಿನ ಸ್ಥಿತಿಯನ್ನು ಜೋಡಿಸಿದೆ: ಬಿಳಿಯ ಮಂತ್ರಿ ಅಂಚಿನಲ್ಲಿ, ಕರಿಯ ಕುದುರೆ ನಡುವಿನಲ್ಲಿ. ವಕೀಲರು ಕನ್ನಡಕವನ್ನು ಪಂಚೆಯಲ್ಲಿ ಒರೆಸಿಕೊಂಡು ಹಾಕಿಕೊಂಡರು. ನಡುಗುವ ಕೈಯಲ್ಲಿ ಕುದುರೆಯನ್ನು ಎತ್ತಿ, ಹಿಂದಕ್ಕೆ ತಂದು, ಕುಕ್ಕಿ ಇಟ್ಟರು.

“ತಗೋ. ಮೂವತ್ತನಾಲ್ಕು ವರ್ಷ ಆಯ್ತು. ತಂದಿದೀನಿ.”

ನಾನು ಅಣ್ಣನ ಮಂತ್ರಿಯನ್ನು ಒಂದು ಮನೆ ಹಿಂದಕ್ಕೆ ಸರಿಸಿದೆ. ಯಂತ್ರ ಹೇಳಿದ ಮೈನಸ್ ಎರಡು ಈಗ ನನ್ನದಾಗಿತ್ತು. ಅವರು ಒಂದು ಕಾಲಾಳನ್ನು ತಳ್ಳಿದರು. ನಾನೂ ಒಂದನ್ನು ತಳ್ಳಿದೆ. ಮೂರನೆಯ ನಡೆಗೆ ವಕೀಲರ ಕೈ ಮತ್ತೆ ಅದೇ ಕುದುರೆಯ ಮೇಲೆ ಬಂತು. ಸ್ವಲ್ಪ ಹೊತ್ತು ಅಲ್ಲೇ ಇತ್ತು. ಆಮೇಲೆ ಕುದುರೆ ಮುಂದಕ್ಕೆ, ಮಣೆಯ ನಡುವಿಗೆ, ಹೊರಟುಹೋಯಿತು. ಮೇಟಿನ ಮನೆ ಬಟಾಬಯಲಾಗಿ ನನ್ನ ಮಂತ್ರಿಯ ಎದುರಿಗೆ ಬಿದ್ದಿತ್ತು.

ನಾನು ಕಾಫಿಯ ಲೋಟವನ್ನು ಕೈಗೆ ತೆಗೆದುಕೊಂಡೆ. ಆಗಲೇ ಆರಿತ್ತು.

“ಏನಯ್ಯ ಯೋಚನೆ? ಆಡು” ಎಂದರು ವಕೀಲರು.